ತಾತನ ಮೌಸರ್‌ಗೆ ಮತ್ತೆ ಎಲೆ, ಮತ್ತೆ ಮಣಿ

ಆಷಾಢದ ಎರಡನೇ ಶುಕ್ರವಾರ, ಚಾಮುಂಡಿಬೆಟ್ಟಕ್ಕೆ ಹೋಗುವವರಿಂದ ಮೈಸೂರೆಲ್ಲ ತುಂಬಿದ್ದ ದಿನ, ತಾತನ ರೈಫಲನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಲೈಸೆನ್ಸ್ ಪುಸ್ತಕವನ್ನು ಜೇಬಿಗಿಟ್ಟು, ಸಾಹೇಬರ ಅಂಗಡಿಗೆ ಹೋದೆ. ಸಾಹೇಬರಿಗೆ ಕೋವಿ ರಿಪೇರಿಯ ಲೈಸೆನ್ಸ್ ಇದೆ. ಅವರ ತಂದೆಯ ಕಾಲದಿಂದಲೂ ಅದೇ ಬೆಂಚು, ಅದೇ ವೈಸು. ನಾನು ಮೂವತ್ತೈದು ವರ್ಷ ಟೂಲ್‌ರೂಮಿನಲ್ಲಿ ಅರ ಹಿಡಿದವನು. ಆದರೂ ರೈಫಲಿನ ಮೈಮೇಲಿನ ಕೆಲಸವೆಲ್ಲ ಅವರ ರಿಜಿಸ್ಟರಿಗೆ ಹತ್ತಿ, ಅವರ ಅಂಗಡಿಯಲ್ಲಿ, ಅವರ ಕಣ್ಣೆದುರಿಗೇ ನಡೆಯಬೇಕೆಂದು ಮೊದಲೇ ಮಾತಾಡಿಕೊಂಡೆವು. ಮನೆಗೆ ತಂದು ಮಾಡಿದ್ದು ಅಳತೆ, ಲೆಕ್ಕ ಮತ್ತು ಏರ್‌ಗನ್ನಿನ ಮೇಲಿನ ಪ್ರಯೋಗಗಳನ್ನು ಮಾತ್ರ.

ರೈಫಲು ಜರ್ಮನಿಯ ಓಬರ್ನ್‌ಡಾರ್ಫ್‌ನ ಮೌಸರ್ ಕಾರ್ಖಾನೆಯದು. ತೋಟಾ 10.75×68. ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಅದು ‘ಹತ್ತೂಮುಕ್ಕಾಲು’. .423 ಮೌಸರ್ ಎಂದು ಕರೆಯುವವರೂ ಇದ್ದಾರೆ. 347 ಗ್ರೇನ್, ಅಂದರೆ ಇಪ್ಪತ್ತೆರಡೂವರೆ ಗ್ರಾಂ ತೂಕದ ಗುಂಡು, ಸೆಕೆಂಡಿಗೆ ಸುಮಾರು 670 ಮೀಟರ್ ವೇಗದಲ್ಲಿ ಹೊರಡುತ್ತದೆ. ಎರಡನೇ ಮಹಾಯುದ್ಧಕ್ಕೆ ಮೊದಲು ಲಂಡನ್ನಿನ ಜೋಡುನಳಿಗೆಯ ಬೆಲೆ ಕೊಡಲಾಗದವರು ಕೊಳ್ಳುತ್ತಿದ್ದ ಕೋವಿ ಇದು. ಗುಂಡು ದಪ್ಪ, ಆದರೆ ದಪ್ಪಕ್ಕೆ ತಕ್ಕ ಉದ್ದವಿಲ್ಲ. ಆದ್ದರಿಂದ ಆಳಕ್ಕೆ ಇಳಿಯುವುದು ಕಡಿಮೆ, ಆನೆಗೆ ಇದನ್ನು ನಂಬಬಾರದೆಂದು ಬಲ್ಲವರು ಹೇಳುತ್ತಿದ್ದರು. ತಾತ ಕಾಕನಕೋಟೆಯ ಕಡೆ ಮರದ ಗುತ್ತಿಗೆ ಮಾಡುತ್ತಿದ್ದವರು. ತೋಟ ಮಾರಿ ಹೊರಟಿದ್ದ ಒಬ್ಬ ಪ್ಲಾಂಟರ್‌ನಿಂದ ಇದನ್ನು ಕೊಂಡಿದ್ದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಬೇಟೆ ನಿಂತಿತು. ನಿಂತದ್ದು ಒಳ್ಳೆಯದೇ ಆಯಿತು. ಆಮೇಲೆ ಈ ರೈಫಲು ಬೀರುವಿನಿಂದ ಹೊರಗೆ ಬಂದದ್ದು ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಲು, ಮತ್ತು ವರ್ಷಕ್ಕೊಮ್ಮೆ ಆಯುಧಪೂಜೆಗೆ.

ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿದ್ದುದು ಅದರ ನೆತ್ತಿಯ ಮೇಲೆ ಕುಳಿತಿದ್ದ ಸ್ಕೋಪು, ಅಂದರೆ ಗುರಿ ನೋಡುವ ದುರ್ಬೀನು. ಕೊನೆಯ ಬೇಟೆಯ ವರ್ಷಗಳಲ್ಲಿ ತಾತ ಅದನ್ನು ಹಾಕಿಸಿದ್ದರು. ಹಾಕಿದವನು ಯಾರೋ ಏನೋ, ಎದುರಿನ ಗಾಜಿನ ಕೊಳವೆಗೆ ಅಡ್ಡ ಬರುತ್ತದೆಂದು ನಳಿಗೆಯ ಮೇಲಿನ ಹಿಂಗುರಿಯ ಎಲೆಯನ್ನು, ಅಂದರೆ ಕಣ್ಣಿನ ಕಡೆ ನಿಂತ ಕಚ್ಚಿನ ಪಟ್ಟಿಯನ್ನು, ಅರ್ಧಕ್ಕೆ ಕತ್ತರಿಸಿದ್ದ. ದೂರದ ಗುರಿಗೆಂದು ಇದ್ದ ಮಡಿಸುವ ಎರಡನೇ ಎಲೆ ಮಾಯವಾಗಿತ್ತು. ಎಲೆಯ ಕಚ್ಚಿನ ನಡುವೆ ತಂದು ಗುರಿ ಹಿಡಿಯುವ ಮುಂತುದಿಯ ದಂತದ ಮಣಿ ಯಾವಾಗಲೋ ಉದುರಿ, ಅದನ್ನು ಹೊತ್ತಿದ್ದ ಉಕ್ಕಿನ ತುಂಡು ಬಲಕ್ಕೆ ಬಾಗಿತ್ತು. ಹೀಗೆ ಹಾಳು ಮಾಡಿದವನ ಮೇಲೆ ನನಗೆ ಸಿಟ್ಟಿತ್ತು. ಹಾಕಿಸಿಕೊಂಡ ತಾತನ ಮೇಲೂ ಒಳಗೊಳಗೇ ಇತ್ತು.

ತೆಗೆಯುವ ಮೊದಲು ಸ್ಕೋಪಿಗೂ ಅದರ ಅವಕಾಶ ಕೊಡಬೇಕೆಂದು ಸಾಹೇಬರು ಹಟ ಹಿಡಿದರು. “ಮೊದಲು ಅದು ಏನು ಮಾಡುತ್ತದೆ ಎಂದು ನೋಡಿ ಸ್ವಾಮಿ, ಆಮೇಲೆ ಬಿಚ್ಚೋಣ” ಎಂದರು. ಪೆಟ್ಟಿಗೆಯಲ್ಲಿ ಹದಿನೆಂಟು ಹಳೆಯ ತೋಟಾ ಉಳಿದಿದ್ದವು. ಈ ಅಳತೆಯ ತೋಟಾ ಈಗ ಹುಡುಕಿದರೂ ಸಿಗುವುದು ಕಷ್ಟ. ಅದರಲ್ಲಿ ಮೂರನ್ನು ತೆಗೆದಿಟ್ಟೆವು. ಅನುಮತಿ ಪಡೆದು, ಫೈರಿಂಗ್ ರೇಂಜಿನಲ್ಲಿ, ಮರಳುಚೀಲದ ಮೇಲೆ ಕೈಯೂರಿ, 50 ಮೀಟರಿಗೆ ಹಾರಿಸಿದೆ. ಮೂರೂ ಐದು ಸೆಂಟಿಮೀಟರಿನೊಳಗೆ ಬಿದ್ದವು. ಅರವತ್ತೆರಡರ ನನ್ನ ಕಣ್ಣಿಗೆ, ಅಷ್ಟು ಹಳೆಯ ಗಾಜಿಗೆ, ಅದು ಬಹಳ ಒಳ್ಳೆಯ ಗುಂಪು. ಅದನ್ನು ನಾನು ಮುಚ್ಚಿಡುವುದಿಲ್ಲ.

ಆದರೆ ಮೂರನೇ ಈಡಿನಲ್ಲಿ ಸ್ಕೋಪು ಹುಬ್ಬಿಗೆ ತಗಲಿತು. ಗಾಯವಾಗಲಿಲ್ಲ, ಉಕ್ಕಿನ ಅಂಚು ಸೋಕಿತು ಅಷ್ಟೇ. ಹೀಗಾಗಲು ಕಾರಣ ಹುಡುಕುತ್ತಾ ಹೋದಾಗ ಇಡೀ ಸಮಸ್ಯೆ ಬಿಡಿಸಿಕೊಂಡಿತು. ಬೋಲ್ಟು ಎಂದರೆ ತೋಟಾವನ್ನು ಒಳಗೆ ತಳ್ಳಿ ನಳಿಗೆಯ ಹಿಂಬಾಯಿ ಮುಚ್ಚುವ ಸರಳು. ಈ ರೈಫಲಿನ ಮಾದರಿಯಾದ ಮೌಸರ್ 98ರಲ್ಲಿ ಸೇಫ್ಟಿ, ಅಂದರೆ ತಾನಾಗಿ ಹಾರದಂತೆ ತಡೆಯುವ ಬೀಗ, ಆ ಬೋಲ್ಟಿನ ಹಿಂತುದಿಯಲ್ಲಿ ನಿಂತ ಒಂದು ರೆಕ್ಕೆ. ಅದು ಎಡದಿಂದ ಬಲಕ್ಕೆ ಅರ್ಧವೃತ್ತ ಸುತ್ತುವಾಗ ನೆತ್ತಿಯ ಮೇಲೆ ಹಾದುಹೋಗುತ್ತದೆ. ಬೋಲ್ಟಿನ ಹಿಡಿಯೂ ಮೇಲೆದ್ದಾಗ ಅದೇ ಜಾಗಕ್ಕೆ ಬರುತ್ತದೆ. ಸ್ಕೋಪನ್ನು ತಗ್ಗಿಸಿ ಕೂರಿಸಿದರೆ ಎರಡೂ ಅದಕ್ಕೆ ಬಡಿಯುತ್ತವೆ. ಸರಿಯಾಗಿ ಮಾಡಬೇಕೆಂದರೆ ಹಿಡಿಯನ್ನು ಬಗ್ಗಿಸಬೇಕು, ಸೇಫ್ಟಿ ಬದಲಿಸಬೇಕು. ಆ ಮನುಷ್ಯ ಎರಡನ್ನೂ ಮಾಡದೆ ಸ್ಕೋಪನ್ನೇ ಎತ್ತರಕ್ಕೆ ಏರಿಸಿಬಿಟ್ಟಿದ್ದ. ನಳಿಗೆಯ ನಡುವಿನಿಂದ ನೋಟದ ಗೆರೆಗೆ 54 ಮಿಲಿಮೀಟರ್ ಅಳತೆ ಬಂತು. ಆದರೆ ಭುಜಕ್ಕೆ ಊರುವ ಬಟ್ಟಿನ ಮರವನ್ನು ಕೆತ್ತಿದ್ದು ತಗ್ಗಾದ ಎಲೆ–ಮಣಿಯ ಗೆರೆಗೆ. ಕೆನ್ನೆ ಮರಕ್ಕೆ ಒತ್ತಿದರೆ ಸ್ಕೋಪಿನಲ್ಲಿ ಕತ್ತಲು, ಸ್ಕೋಪಿನಲ್ಲಿ ನೋಡಬೇಕೆಂದರೆ ಕೆನ್ನೆ ಗಾಳಿಯಲ್ಲಿ. ಕೆನ್ನೆಗೆ ಆಸರೆ ಇಲ್ಲದ ಮೇಲೆ ಕೋವಿ ಒದ್ದಾಗ ತಲೆ ಎಲ್ಲಿರುತ್ತದೆಂದು ಯಾರು ಹೇಳಬೇಕು?

ಒಂದು ಸುಲಭ ಪರೀಕ್ಷೆ ಇದೆ. ಕೋವಿ ಖಾಲಿ ಇದೆಯೆಂದು ಎರಡು ಸಲ ನೋಡಿ, ಕಣ್ಣು ಮುಚ್ಚಿ, ಭುಜಕ್ಕೆ ಏರಿಸಿ, ಆಮೇಲೆ ಕಣ್ಣು ತೆರೆಯಬೇಕು. ಹತ್ತು ಸಲ ಹಾಗೆ ಮಾಡಿದೆ. ಸ್ಕೋಪಿನಲ್ಲಿ ಹತ್ತು ಸಲವೂ ಕಪ್ಪು ಚಂದ್ರ. ಸ್ಕೋಪು ತೆಗೆದ ಮೇಲೆ, ಮುರುಕು ಎಲೆಯಿದ್ದಾಗಲೂ, ನಳಿಗೆಯ ತುದಿ ಎಂಟು ಸಲ ಎಲೆಯ ನಡುವೆಯೇ ನಿಂತಿತು. ಮರ ಕೆತ್ತಿದವನು ಯಾವ ಗುರಿಗೆ ಕೆತ್ತಿದ್ದನೆಂದು ಅದು ಹೇಳಿಬಿಟ್ಟಿತು.

ಬಿಚ್ಚುವ ಕೆಲಸಕ್ಕೆ ಎರಡು ವಾರ ಹಿಡಿಯಿತು. ನಾಲ್ಕು ತಿರುಪುಗಳಲ್ಲಿ ಮೂರು ತುಕ್ಕು ಹಿಡಿದು ಕೂತಿದ್ದವು. ತಿರುಪಿನ ಸೀಳಿಗೆ ಒಂದು ಕೂದಲಿನಷ್ಟೂ ಸಡಿಲವಿಲ್ಲದಂತೆ ಸ್ಕ್ರೂಡ್ರೈವರಿನ ಬಾಯನ್ನು ಸಾಣೆ ಹಿಡಿದೆವು. ದಿನಕ್ಕೆರಡು ಸಲ ತುಕ್ಕೆಣ್ಣೆ ಬಿಟ್ಟೆವು. ಆದರೂ ಜಗ್ಗದಾಗ ಸಾಹೇಬರು ಬೆಸುಗೆಯ ಸಾಲ್ಡರಿಂಗ್ ಐರನ್ನನ್ನು ತಿರುಪಿನ ತಲೆಗೆ ಮಾತ್ರ ಹಚ್ಚಿ ಕಾಯಿಸಿದರು. ಬೆಂಕಿಯ ಜ್ವಾಲೆಯನ್ನು ರಿಸೀವರಿನ, ಅಂದರೆ ನಳಿಗೆ ಸೇರುವ, ಬೋಲ್ಟು ಓಡಾಡುವ ಉಕ್ಕಿನ ಒಡಲಿನ ಹತ್ತಿರವೂ ಸುಳಿಯಗೊಡಲಿಲ್ಲ. ಮೌಸರಿನ ರಿಸೀವರ್ ಒಳಗೆ ಮೆತ್ತನೆಯ ಉಕ್ಕು, ಮೇಲ್ಪದರ ಮಾತ್ರ ಗಡಸು. ಆ ಗಡಸುತನ ಬೆಂಕಿಗೆ ಹೋದರೆ ಬೋಲ್ಟಿನ ಕಿವಿಗಳು ಊರುವ ಜಾಗ ಸವೆಯತೊಡಗುತ್ತದೆ. ಅಂಥ ಕೋವಿಯನ್ನು ಕೆನ್ನೆಗೆ ಹಿಡಿಯುವಂತಿಲ್ಲ.

ಮುಂದಿನ ತಿರುಪು ಹೊರಬಂದಾಗ ನನಗೆ ಎದೆ ಧಸಕ್ಕೆಂದಿತು. ರಂಧ್ರ ರಿಸೀವರಿನ ಉಂಗುರವನ್ನು ದಾಟಿ ನಳಿಗೆಯ ತಿರುಪುಸುತ್ತಿಗೆ ತಾಗಿತ್ತು. ತಿರುಪಿನ ತುದಿ ಅಲ್ಲಿ ಗೀರಿತ್ತು. ಬಿರುಕು ಬಿಟ್ಟಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು, ರೈಫಲು ಗೋಡೆಗೆ ಹೋಗುತ್ತಿತ್ತು. ಸಾಹೇಬರು ಹಳೆಯ ಪರೀಕ್ಷೆ ಮಾಡಿದರು: ಸೀಮೆಎಣ್ಣೆ ಮತ್ತು ಸೀಮೆಸುಣ್ಣ. ಜಾಗವನ್ನು ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸುಣ್ಣದ ಪುಡಿ ಹಚ್ಚುವುದು. ಬಿರುಕಿದ್ದರೆ ಒಳಗೆ ಸೇರಿದ್ದ ಎಣ್ಣೆ ಬಿಳಿ ಸುಣ್ಣದ ಮೇಲೆ ಕಪ್ಪು ಕೂದಲೆಳೆಯಂತೆ ಏಳುತ್ತದೆ. ಒಂದು ಗಂಟೆ ಇಬ್ಬರೂ ಮಾತಿಲ್ಲದೆ ನೋಡುತ್ತಾ ಕುಳಿತೆವು. ಏನೂ ಏಳಲಿಲ್ಲ. ಭೂತಗನ್ನಡಿಯಲ್ಲಿ ಇನ್ನೊಮ್ಮೆ ನೋಡಿ, ನಾಲ್ಕೂ ರಂಧ್ರಗಳಿಗೆ ಗಿಡ್ಡ ತಿರುಪುಗಳನ್ನು ಕೂರಿಸಿ, ತಲೆಗಳನ್ನು ಮೈಮಟ್ಟಕ್ಕೆ ಅರೆದು, ಬಣ್ಣ ಹಿಡಿಸಿದೆವು. ಬೆಳಕಿಗೆ ಓರೆಯಾಗಿ ಹಿಡಿದರೆ ಈಗಲೂ ನಾಲ್ಕು ಚುಕ್ಕಿ ಕಾಣುತ್ತವೆ.

ಬಿಚ್ಚಿದ ಸ್ಕೋಪನ್ನು ತಕ್ಕಡಿಗಿಟ್ಟೆ. ಅದನ್ನು ರೈಫಲಿಗೆ ಹಿಡಿದಿಟ್ಟಿದ್ದ ಅಡ್ಡಗಳೂ ಸೇರಿ 610 ಗ್ರಾಂ. ನಾಲ್ಕು ಪಟ್ಟು ಹಿಗ್ಗಿಸುವ ಜರ್ಮನ್ ಗಾಜು, ಉಕ್ಕಿನ ಕೊಳವೆ, ಒಳಗೆ ಅಡ್ಡಗೆರೆಯ ಬದಲು ಕೆಳಗಿನಿಂದ ಎದ್ದ ಚೂಪಾದ ಕಂಬ. ಮೇಲೆ ಒಂದೇ ತಿರುಗಣೆ, ಏರಿಳಿತಕ್ಕೆ ಮಾತ್ರ. ಎಡಬಲವನ್ನು ಅಡ್ಡದ ತಿರುಪುಗಳಲ್ಲೇ ಹೊಂದಿಸಬೇಕು. ಅಂಚಿನಲ್ಲಿ ಜೇಡರ ಬಲೆಯಂತೆ ಬೂಷ್ಟು ಹಬ್ಬಿದೆ. ನಮ್ಮ ಮಳೆಗಾಲದ ತೇವ ಇಂಥ ಕೊಳವೆಗಳೊಳಗೆ ನುಗ್ಗುತ್ತಿತ್ತು. ಒಳಗಿನ ಗಾಳಿಯನ್ನು ತೆಗೆದು ನೈಟ್ರೋಜನ್ ತುಂಬಿ ಮುಚ್ಚಿದ ಸ್ಕೋಪನ್ನು ಅಮೆರಿಕದ ಲ್ಯೂಪೋಲ್ಡ್ ಕಂಪನಿ ಮಾರುಕಟ್ಟೆಗೆ ತಂದದ್ದು 1947ರಲ್ಲಿ. ಅದಕ್ಕೆ ಮೊದಲು ಕಬಿನಿಯ ಮುಂಜಾವಿನ ಮಂಜಿನಲ್ಲಿ ಸ್ಕೋಪು ಕುರುಡಾದರೆ ಬೇಟೆಗಾರನಿಗೆ ಬೇರೆ ದಾರಿ ಇರಬೇಕಿತ್ತು. ಅದಕ್ಕೇ ಒಳ್ಳೆಯ ಜರ್ಮನ್ ಕೆಲಸಗಾರರು ಕೊಕ್ಕೆಯ ಅಡ್ಡಗಳನ್ನು ಮಾಡುತ್ತಿದ್ದರು. ಒಂದು ಸನ್ನೆ ಒತ್ತಿದರೆ ಸ್ಕೋಪು ಕಳಚಿ ಕೈಗೆ ಬರುತ್ತಿತ್ತು, ಕೆಳಗೆ ಎಲೆ–ಮಣಿ ಸಿದ್ಧವಾಗಿರುತ್ತಿದ್ದವು. ನಮ್ಮ ರೈಫಲಿಗೆ ಅಂಥ ಅಡ್ಡ ಹಾಕಿಸಿದ್ದಿದ್ದರೆ ನಾನು ಅದನ್ನು ಮುಟ್ಟುತ್ತಲೇ ಇರಲಿಲ್ಲ.

ಈಗ ಎಲೆಯ ಕಥೆ. ದೊಡ್ಡ ಪ್ರಾಣಿಗಳ ಕೋವಿಗಳ ಹಿಂಗುರಿಯನ್ನು ಹತ್ತಿರದಿಂದ ನೋಡದವರಿಗೆ ಅದು ಒರಟಾಗಿ ಕಾಣುತ್ತದೆ. ಅಗಲವಾದ, ಆಳವಿಲ್ಲದ ವಿ ಆಕಾರದ ಕಚ್ಚು, ಅದರ ಬುಡದಿಂದ ಕೆಳಕ್ಕೆ ಒಂದು ಬಿಳಿಯ ಗೆರೆ. ಟೂಲ್‌ರೂಮಿನಲ್ಲಿ ಬೆಳೆದ ನನಗೆ ಇದು ಮೊದಲು ಒಗ್ಗಲಿಲ್ಲ. ನಿಖರವಾಗಿ ಗುರಿ ಹಿಡಿಯಬೇಕೆಂದರೆ ಚೌಕದ ಕಚ್ಚು, ಚೌಕದ ಮುಂಗುರಿ, ಎರಡೂ ಪಕ್ಕದಲ್ಲಿ ಸಮನಾದ ಬೆಳಕು ಇರಬೇಕಲ್ಲವೇ? ಪ್ಲಾಂಟರ್‌ಗಳೂ ಲಂಡನ್ನಿನ ಕೋವಿ ಕೆಲಸಗಾರರೂ ಯಾಕೆ ಈ ಬಟ್ಟಲಿನಂಥ ವಿಗೆ ಅಂಟಿಕೊಂಡರು? ಊಹಿಸುವುದಕ್ಕಿಂತ ಮಾಡಿ ನೋಡುವುದು ಮೇಲೆಂದು ಮನೆಯ ಏರ್‌ಗನ್ ಹೊರತೆಗೆದೆ. ಲೈಸೆನ್ಸ್ ಬೇಡದ .177 ಏರ್‌ಗನ್. ಹಿತ್ತಲಿನ ಗೋಡೆಗೆ ಮರಳುಪೆಟ್ಟಿಗೆ ಇಟ್ಟು, ಹತ್ತು ಮೀಟರಿಗೆ ಹನ್ನೆರಡು ಸೆಂಟಿಮೀಟರಿನ ದುಂಡು ಕಾಗದ ಅಂಟಿಸಿದೆ. ಹಿತ್ತಾಳೆಯ ತಗಡಿನಲ್ಲಿ ನಾಲ್ಕು ಎಲೆ ಮಾಡಿದೆ: ಅರವತ್ತು ಡಿಗ್ರಿಯ ಆಳ ವಿ, ತೊಂಬತ್ತರದು, ನೂರಮೂವತ್ತರ ತೆಳು ವಿ, ಮತ್ತು ಚೌಕ. ಕೋವಿಯನ್ನು ಸೊಂಟದ ಹತ್ತಿರ ಹಿಡಿದು ನಿಲ್ಲುವುದು, ಮಗಳು “ಹೂಂ” ಎಂದಾಗ ಏರಿಸಿ ಹಾರಿಸುವುದು, ಅವಳ ಕೈಯಲ್ಲಿ ಸ್ಟಾಪ್‌ವಾಚ್. ಒಂದೊಂದಕ್ಕೆ ಇಪ್ಪತ್ತು ಈಡು.

ಚೌಕದ ಕಚ್ಚು ಇಪ್ಪತ್ತರಲ್ಲಿ ಹತ್ತೊಂಬತ್ತು ತಗುಲಿಸಿತು, ಆದರೆ ಸರಾಸರಿ 2.6 ಸೆಕೆಂಡು ತಿಂದಿತು. ಆಳ ವಿ 2.3 ಸೆಕೆಂಡಿಗೆ ಹದಿನೈದು. ಆಳವಾದ ಕಚ್ಚಿನಲ್ಲಿ ಮಣಿ ಎಷ್ಟು ಕೆಳಗೆ ಕೂತಿದೆ ಎಂದು ತಿಳಿಯುವುದಿಲ್ಲ, ಜೊತೆಗೆ ಗುರಿಯ ಕೆಳಗಿನ ಅರ್ಧ ಎಲೆಯ ಹಿಂದೆ ಮುಚ್ಚಿಹೋಗುತ್ತದೆ. ತೊಂಬತ್ತರದು ನಡುವೆ ಎಲ್ಲೋ. ತೆಳು ವಿ 1.6 ಸೆಕೆಂಡಿಗೆ ಹದಿನೆಂಟು ತಗುಲಿಸಿತು. ನಾಲ್ಕನೆಯದನ್ನು ಬರೆದುಕೊಂಡ ಮಗಳು ಪುಸ್ತಕದಿಂದ ತಲೆ ಎತ್ತಿ, “ಅಪ್ಪ, ಇದರಲ್ಲಿ ನೀವು ಗುರಿ ನೋಡುತ್ತಲೇ ಇಲ್ಲ, ಸುಮ್ಮನೆ ಹಾರಿಸುತ್ತಿದ್ದೀರಿ” ಎಂದಳು. ಅವಳ ಮಾತು ಸರಿಯಾಗಿತ್ತು. ನನಗೂ ಹಾಗೆಯೇ ಅನಿಸಿತ್ತು. ಕಣ್ಣು ಗುರಿಯ ಮೇಲೆ ಇತ್ತು, ಬಿಳಿಯ ಮಣಿ ತಾನಾಗಿ ಇಳಿಜಾರಿನಲ್ಲಿ ಜಾರಿದಂತೆ ನಡುವಿಗೆ ಬಂದು ಕೂರುತ್ತಿತ್ತು. ಒಂದಿಷ್ಟು ಆಚೀಚೆ ಆದರೂ ಹತ್ತು ಮೀಟರಿನಲ್ಲಿ, ಮೂವತ್ತು ಮೀಟರಿನಲ್ಲಿ, ಅದು ಲೆಕ್ಕಕ್ಕೆ ಬರುವುದಿಲ್ಲ. ಕಾಕನಕೋಟೆಯ ಬಿದಿರುಮೆಳೆಗಳ ನಡುವೆ ಕಾಡೆಮ್ಮೆ ಎದುರಾಗುತ್ತಿದ್ದುದು ಅಂಥ ದೂರದಲ್ಲೇ. ಆ ಎಲೆ ಒರಟು ಕೆಲಸವಲ್ಲ. ಅವಸರದ ಕಣ್ಣನ್ನು ಬಲ್ಲವರು ಮಾಡಿದ ಕೆಲಸ.

ಅದೇ ಏರ್‌ಗನ್ನಿನ ಮೇಲೆ ಅದರ ದೋಷವೂ ಕಂಡಿತು. ಸೂರ್ಯ ಮುಳುಗಿ ಬೀದಿದೀಪ ಹತ್ತುವ ಮೊದಲಿನ ಹೊತ್ತಿನಲ್ಲಿ ಹಾರಿಸಿದ ಹತ್ತರಲ್ಲಿ ಎಂಟು ಮೇಲಕ್ಕೆ ಹೋದವು. ಬೆಳಕು ಕಡಿಮೆಯಾದಾಗ ಮಣಿಯನ್ನು ಚೆನ್ನಾಗಿ ಕಾಣಬೇಕೆಂದು ಕೈ ತನ್ನಷ್ಟಕ್ಕೆ ತುದಿಯನ್ನು ಎತ್ತುತ್ತದೆ, ಗುಂಡು ಬೆನ್ನ ಮೇಲೆ ಹಾರುತ್ತದೆ. ಇನ್ನೂ ಹತ್ತು ನಿಮಿಷ ಕಳೆದರೆ ಮಣಿಯೇ ಇಲ್ಲ. ಆಗ ಬಿಚ್ಚಿಟ್ಟ ಸ್ಕೋಪನ್ನು ಕೈಯಲ್ಲಿ ಹಿಡಿದು ಮಾವಿನಮರದತ್ತ ನೋಡಿದೆ. ಬೂಷ್ಟು ಹಿಡಿದ ಆ ಗಾಜಿನಲ್ಲೂ ತೊಗಟೆಯ ಸೀಳುಗಳು ಕಾಣುತ್ತಿದ್ದವು. ಎದುರು ಗಾಜಿನ ಅಗಲವನ್ನು ಹಿಗ್ಗಿಸುವ ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ. 32 ಮಿಲಿಮೀಟರ್, ನಾಲ್ಕು ಪಟ್ಟು, ಅಂದರೆ ಎಂಟು ಮಿಲಿಮೀಟರ್. ಎಳೆಯರ ಕಣ್ಣಿನ ಪಾಪೆಯೇ ಕತ್ತಲಲ್ಲಿ ಸುಮಾರು ಏಳಕ್ಕೆ ಅರಳುತ್ತದೆ, ನನ್ನ ವಯಸ್ಸಿನವರದು ಇನ್ನೂ ಕಡಿಮೆ. ಕಣ್ಣು ಹಿಡಿಯಬಲ್ಲಷ್ಟು ಬೆಳಕನ್ನೂ ಸ್ಕೋಪು ತಂದುಕೊಡುತ್ತದೆ. ಮುಸ್ಸಂಜೆಯಲ್ಲಿ ಅಟ್ಟಣೆಯ ಮೇಲೆ ಕೂತವನಿಗೆ ಸ್ಕೋಪೇ ಸರಿ. ಇದರಲ್ಲಿ ವಾದಕ್ಕೆ ಜಾಗವಿಲ್ಲ. ಎಲೆ–ಮಣಿಯವರು ಕತ್ತಲಿಗೆ ಬೇರೆ ಉಪಾಯ ಹುಡುಕಬೇಕಾಗುತ್ತಿತ್ತು: ಮಡಿಸಿಟ್ಟ ದೊಡ್ಡ ಬಿಳಿ ಮಣಿಯನ್ನು ಎತ್ತಿ ನಿಲ್ಲಿಸುವುದು, ಇಲ್ಲವೇ ನಳಿಗೆಗೆ ಟಾರ್ಚ್ ಕಟ್ಟುವುದು. ಜಿಮ್ ಕಾರ್ಬೆಟ್ 1926ರಲ್ಲಿ ರುದ್ರಪ್ರಯಾಗದ ಚಿರತೆಯನ್ನು ಹೊಡೆದದ್ದು ರೈಫಲಿಗೆ ಜೋಡಿಸಿದ ಟಾರ್ಚಿನ ಬೆಳಕಿನಲ್ಲಿ.

ಶ್ರಾವಣದಲ್ಲಿ ಉಕ್ಕಿನ ಎಲೆ ಕೆತ್ತಿದೆವು. ಮೂರು ಮಿಲಿಮೀಟರ್ ಪಟ್ಟಿ, ಬುಡದಲ್ಲಿ ಪಾರಿವಾಳದ ಬಾಲದಂಥ ಬೆಸೆ. ಒಂದು ಬದಿಯ ಹಲ್ಲುಗಳನ್ನು ಸಾಣೆಯಲ್ಲಿ ತೆಗೆದ ತ್ರಿಕೋನ ಅರದಿಂದ ಎಲೆ ಕೂರುವ ಹಳೆಯ ತೋಡಿಗೆ ಹೊಂದಿಸಿದ್ದು. ಹೆಬ್ಬೆರಳಿನಿಂದ ತಳ್ಳಿದರೆ ಮೂರನೇ ಒಂದು ಭಾಗ ಹೋಗಬೇಕು, ಉಳಿದದ್ದಕ್ಕೆ ಹಿತ್ತಾಳೆಯ ಕಡ್ಡಿ ಇಟ್ಟು ಸುತ್ತಿಗೆ. ಎಲೆಯನ್ನು ಬೇಕೆಂದೇ ಎತ್ತರ ಬಿಟ್ಟೆವು. ಮಣಿಯಿರುವ ಮುಂಗುರಿಯನ್ನು ಅರೆಯಲಾಗುವುದಿಲ್ಲ, ಆದ್ದರಿಂದ ಹೊಂದಾಣಿಕೆಯೆಲ್ಲ ಎಲೆಯಲ್ಲೇ ಆಗಬೇಕು. ಎಲೆ ಎತ್ತರವಿದ್ದರೆ ಗುಂಡು ಮೇಲೆ ಬೀಳುತ್ತದೆ. ಅರೆದು ತಗ್ಗಿಸಿದಂತೆ ಕೆಳಗಿಳಿಯುತ್ತದೆ. ತಗ್ಗಿಸಬಹುದು, ಬೆಳೆಸಲಾಗುವುದಿಲ್ಲ. ಎಲೆಯಿಂದ ಮಣಿಗೆ 480 ಮಿಲಿಮೀಟರ್. ಹಾಗಾಗಿ ಎಲೆಯಲ್ಲಿ ಒಂದು ಮಿಲಿಮೀಟರ್ ಅರೆದರೆ 50 ಮೀಟರಿನಲ್ಲಿ 104 ಮಿಲಿಮೀಟರ್, ಹತ್ತು ಸೆಂಟಿಮೀಟರಿಗೂ ಮೇಲೆ. ಈ ಲೆಕ್ಕವನ್ನು ಬೆಂಚಿನ ಎದುರು ಗೋಡೆಯ ಮೇಲೆ ಸುಣ್ಣದಲ್ಲಿ ಬರೆದುಕೊಂಡಿದ್ದೆವು.

ಮಣಿಗೆ ಏನು ಹಾಕುವುದು ಎಂದು ಒಂದು ವಾರ ಯೋಚಿಸಿದೆ. ಮೊದಲಿದ್ದದ್ದು ದಂತ. ಮಂಡಿ ಮೊಹಲ್ಲಾದಲ್ಲಿ ಬೀಟೆಮರಕ್ಕೆ ಇನ್‌ಲೇ ಕೂರಿಸುವ ಪರಿಚಯದವರೊಬ್ಬರನ್ನು ಕೇಳಲು ಹೋದೆ. ಅವರ ಅಜ್ಜನ ಕಾಲದಲ್ಲಿ ಆನೆಯ ಅಂಬಾರಿಯ ಚಿತ್ರಕ್ಕೆ ದಂತವನ್ನೇ ಕೂರಿಸುತ್ತಿದ್ದರಂತೆ. ಕಾನೂನು ಬಂದ ಮೇಲೆ ಬಿಳಿ ಪ್ಲಾಸ್ಟಿಕ್, ಬಣ್ಣಬಣ್ಣದ ಮರ. ಒಂದು ಚೂರು ಬಿಳಿ ಅಕ್ರಿಲಿಕ್ ಕೊಟ್ಟರು. ಆದರೆ ಈ ರೈಫಲಿನ ಒದೆತಕ್ಕೆ ಅದು ನಿಲ್ಲುತ್ತದೆಂಬ ನಂಬಿಕೆ ನನಗೆ ಬರಲಿಲ್ಲ. ಕೊನೆಗೆ ಅಶೋಕ ರಸ್ತೆಯ ಕಡೆಯ ಅಕ್ಕಸಾಲಿಗರಿಂದ ಶುದ್ಧ ಬೆಳ್ಳಿಯ ತಂತಿ ತಂದೆ. 2.4 ಮಿಲಿಮೀಟರಿನ ಮಣಿ. ಕಣ್ಣಿನಿಂದ ಮಣಿಗೆ ಸುಮಾರು 900 ಮಿಲಿಮೀಟರ್ ಇರುವುದರಿಂದ ಅದು 50 ಮೀಟರಿನಲ್ಲಿ ಹದಿಮೂರು ಸೆಂಟಿಮೀಟರ್ ಮುಚ್ಚುತ್ತದೆ. ದೂರದ ಗುರಿಗೆ ಇದು ದಪ್ಪವೇ. ಹತ್ತಿರಕ್ಕೆ ಹೇಳಿ ಮಾಡಿಸಿದ್ದು. ಉಕ್ಕಿಗೆ ರಂಧ್ರ ಕೊರೆದು, ಬೆಳ್ಳಿಯನ್ನು ಒಳಗೆ ಬಡಿದು ಕೂರಿಸಿ, ಮುತ್ತಿನಂತೆ ದುಂಡಗೆ ಉಜ್ಜಿದೆ. ಬಹಳ ಚೆಂದವಾಗಿ ಕಾಣುತ್ತಿತ್ತು.

ಆ ಚೆಂದವೇ ಕೆಡಿಸಿತು. ಭಾದ್ರಪದದ ಒಂದು ಬೆಳಿಗ್ಗೆ ರೇಂಜಿನಲ್ಲಿ ಮೂರು ಈಡು. ಹದಿನೆಂಟು ಸೆಂಟಿಮೀಟರ್ ಮೇಲೆ, ಏಳು ಸೆಂಟಿಮೀಟರ್ ಎಡಕ್ಕೆ. ಮೇಲೆ ಬೀಳುವುದು ನಿರೀಕ್ಷಿಸಿದ್ದೇ, ಎಲೆಯನ್ನು 1.7 ಮಿಲಿಮೀಟರ್ ತಗ್ಗಿಸಿದರೆ ಆಯಿತು. ಎಡಕ್ಕೆ ಬಿದ್ದದ್ದಕ್ಕೆ ಮಣಿಯನ್ನು ಎಡಕ್ಕೇ ಸರಿಸಬೇಕು. ಮುಂಗುರಿ ಯಾವತ್ತೂ ಉಲ್ಟಾ, ತಪ್ಪು ಯಾವ ಕಡೆಗೋ ಮಣಿ ಆ ಕಡೆಗೆ. ಲೆಕ್ಕದಂತೆ 0.7 ಮಿಲಿಮೀಟರ್ ಸರಿಸಿದೆವು. ಮುಂದಿನ ಸಲ ನಮಗೆ ಸಿಕ್ಕಿದ್ದು ಸಂಜೆಯ ಹೊತ್ತು. ಎತ್ತರ ಸರಿಹೋಗಿತ್ತು. ಆದರೆ ಮೂರೂ ಗುಂಡು ಬಲಕ್ಕೆ, ಹದಿನಾಲ್ಕು ಸೆಂಟಿಮೀಟರ್!

ತೋಡು ಸಡಿಲವೇ ಎಂದು ನೋಡಿದೆವು, ಇಲ್ಲ. ನಳಿಗೆ ಮರಕ್ಕೆ ಒತ್ತುತ್ತಿದೆಯೇ ಎಂದು ಕಾಗದದ ಪಟ್ಟಿ ತೂರಿಸಿ ನೋಡಿದೆವು, ಅದೂ ಅಲ್ಲ. ಎರಡು ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ, ಇದ್ದ ತೋಟಾದಲ್ಲಿ ಒಂಬತ್ತು ಮುಗಿದಿದ್ದವು. ಮೂರನೇ ದಿನ ಬೆಳಿಗ್ಗೆ ದೇವರಮನೆಯಲ್ಲಿ ಬೆಳ್ಳಿಯ ಕುಂಕುಮದ ಭರಣಿಯ ದುಂಡು ಮುಚ್ಚಳ ಕಿಟಕಿಯ ಬೆಳಕಿಗೆ ಒಂದೇ ಪಕ್ಕದಲ್ಲಿ ಫಳಫಳಿಸುತ್ತಿತ್ತು. ಇನ್ನೊಂದು ಪಕ್ಕ ಕಪ್ಪು. ಅಲ್ಲೇ ನಿಂತುಬಿಟ್ಟೆ. ರೇಂಜಿನಲ್ಲಿ ನಾವು ಮುಖ ಮಾಡುವುದು ಉತ್ತರಕ್ಕೆ. ಬೆಳಿಗ್ಗೆ ಸೂರ್ಯ ಬಲಕ್ಕೆ, ಸಂಜೆ ಎಡಕ್ಕೆ. ದುಂಡು ಮಣಿಯಲ್ಲಿ ಬೆಳಕು ಬಿದ್ದ ಪಕ್ಕ ಮಾತ್ರ ಮಿನುಗುತ್ತದೆ. ಕಣ್ಣು ಆ ಮಿನುಗನ್ನೇ ಮಣಿಯೆಂದು ತಿಳಿದು ಕಚ್ಚಿನ ನಡುವೆ ತರುತ್ತದೆ. ನಿಜವಾದ ಮಣಿ ಬೆಳಕಿನಿಂದ ಆಚೆಗೆ ಸರಿದಿರುತ್ತದೆ, ಗುಂಡೂ ಆಚೆಗೆ ಹೋಗುತ್ತದೆ. ಬೆಳಿಗ್ಗೆ ಏಳು ಎಡಕ್ಕೆ. ಸಂಜೆ ಏಳು ಬಲಕ್ಕೆ, ಅದರ ಮೇಲೆ ನಾವು ತಪ್ಪಾಗಿ ಸರಿಸಿದ ಏಳು. ಒಟ್ಟು ಹದಿನಾಲ್ಕು. ಲೆಕ್ಕ ಕೂಡಿದಾಗ ಆದ ಸಂತೋಷವನ್ನು ಹೇಳಲಾರೆ. ತಿಂಡಿ ತಿನ್ನದೆ ಸಾಹೇಬರ ಅಂಗಡಿಗೆ ಓಡಿದೆ.

ಮಣಿಯ ಮುಖವನ್ನು ಚಪ್ಪಟೆ ಮಾಡಿ, ತುಸು ಆಕಾಶದ ಕಡೆಗೆ ಮುಖವೆತ್ತಿದಂತೆ ಓರೆಯಾಗಿ ಅರೆದೆವು. ಈಗ ಬೆಳಕು ಎಲ್ಲಿಂದ ಬಂದರೂ ಇಡೀ ಮುಖ ಒಂದೇ ಸಮ ಬೆಳಗುತ್ತದೆ. ಮಣಿಯನ್ನು ಸರಿಸಿದಷ್ಟೇ ಹಿಂದಕ್ಕೆ ತಂದೆವು. ಹಳೆಯ ಕೆಲಸಗಾರರ ಮಣಿಗಳ ಚಿತ್ರಗಳನ್ನು ಆಮೇಲೆ ಗಮನವಿಟ್ಟು ನೋಡಿದರೆ, ಒಳ್ಳೆಯವೆಲ್ಲ ಹೀಗೆಯೇ ಚಪ್ಪಟೆ ಮುಖದವು. ಚಿತ್ರ ಮೊದಲೂ ಕಣ್ಣೆದುರಿಗೇ ಇತ್ತು.

ಎಲೆಯ ಬಿಳಿ ಗೆರೆಯನ್ನು ಕೊನೆಗೆ ಹಾಕಿದ್ದು, ಎತ್ತರ ಖಚಿತವಾದ ಮೇಲೆ. ಕಚ್ಚಿನ ಬುಡದಿಂದ ಮುಕ್ಕಾಲು ಮಿಲಿಮೀಟರ್ ಅಗಲದ ತೋಡು, ಒಳಗೆ ಅಗಲ, ಬಾಯಿ ಕಿರಿದು. ಕಾಯಿಸಿ ಮೆತ್ತಗೆ ಮಾಡಿದ ಬೆಳ್ಳಿ ತಂತಿಯನ್ನು ಅದರೊಳಗೆ ಬಡಿದಾಗ ಅದು ಹರಡಿ ಕಚ್ಚಿಕೊಳ್ಳುತ್ತದೆ. ಇದನ್ನು ಸಾಹೇಬರೇ ಮಾಡಿದರು. ನನ್ನ ಕಣ್ಣಿಗೆ ಆ ಕೆಲಸ ದಕ್ಕುತ್ತಿರಲಿಲ್ಲ. ಲಂಡನ್ನಿನವರು ಇಲ್ಲಿ ಪ್ಲಾಟಿನಂ ಹಾಕುತ್ತಿದ್ದರು, ಅದು ಕಪ್ಪಾಗುವುದಿಲ್ಲ. ಬೆಳ್ಳಿ ಕಪ್ಪಾಗುತ್ತದೆ. ತಿಂಗಳಿಗೊಮ್ಮೆ ಬೆರಳ ತುದಿಯಲ್ಲಿ ವಿಭೂತಿ ಹಚ್ಚಿ ಉಜ್ಜಿದರೆ ಸಾಕು.

ಕಣ್ಣಿನ ಮಾತು ಬಂತು, ಅದನ್ನೂ ಹೇಳಬೇಕು. ಎಲೆ, ಮಣಿ, ಗುರಿ ಎಂದು ಮೂರು ದೂರಗಳು. ಕಣ್ಣು ಒಮ್ಮೆಗೆ ಒಂದನ್ನು ಮಾತ್ರ ಸ್ಪಷ್ಟವಾಗಿ ನೋಡಬಲ್ಲದು. ಇಪ್ಪತ್ತರ ವಯಸ್ಸಿನಲ್ಲಿ ಅದು ಎಷ್ಟು ಬೇಗ ಅತ್ತಿತ್ತ ಓಡಾಡುತ್ತದೆಂದರೆ ಮೂರೂ ಒಟ್ಟಿಗೆ ಕಂಡಂತೆಯೇ ಇರುತ್ತದೆ. ಅರವತ್ತಕ್ಕೆ ಆ ಓಟ ನಿಂತುಹೋಗುತ್ತದೆ. ನನಗೆ ಎಲೆ ಬರೀ ಮಸಿಯ ಮೋಡ, ಮಣಿಗೂ ನಾರು. ದೂರದ ಕನ್ನಡಕಕ್ಕೆ ಮುಕ್ಕಾಲು ಪಾಯಿಂಟ್ ಪ್ಲಸ್ ಸೇರಿಸಿ ಬೇರೆ ಕನ್ನಡಕ ಮಾಡಿಸಿಕೊಂಡೆ. ಮಣಿ ಗಟ್ಟಿಯಾಯಿತು, ಗುರಿ ಸ್ವಲ್ಪ ಮಂಜಾಯಿತು, ಎಲೆ ಮೋಡವಾಗಿಯೇ ಉಳಿಯಿತು. ತೆಳು ವಿ ಆದ್ದರಿಂದ ಆ ಮೋಡದಲ್ಲೂ ಕೆಲಸ ನಡೆಯುತ್ತದೆ. ಸ್ಕೋಪಿನಲ್ಲಿ ಈ ಪಾಡೇ ಇಲ್ಲ. ಗುರಿಯೂ ಕಂಬವೂ ಒಂದೇ ಸಮತಲದಲ್ಲಿ ಬಂದು ನಿಲ್ಲುತ್ತವೆ, ಮುದಿ ಕಣ್ಣು ಅಲ್ಲಿ ಎಳೆಯ ಕಣ್ಣಿನಷ್ಟೇ ಚೆನ್ನಾಗಿ ನೋಡುತ್ತದೆ.

ಆ ಹೊಸ ಕನ್ನಡಕ ಹಾಕಿಕೊಂಡು ಬೆಂಚಿನ ಮುಂದೆ ಕುಳಿತಿದ್ದಾಗ ತಾತನ ಲೆಕ್ಕ ಹಾಕಿದೆ. ಸ್ಕೋಪು ಹಾಕಿಸಿದ ವರ್ಷ ಅವರಿಗೆ ಅರವತ್ತೊಂದು. ಗಾಯಗೊಂಡು ಓಡುವ ಪ್ರಾಣಿಯನ್ನು ಕಾಡಿನಲ್ಲಿ ಬಿಟ್ಟು ಮನೆಗೆ ಬರುವವರು ಅವರಾಗಿರಲಿಲ್ಲ. ಹಾಗೆ ಒಮ್ಮೆ ಒಂದು ಹಂದಿಯ ಜಾಡಿನಲ್ಲಿ ಎರಡು ದಿನ ಅಲೆದಿದ್ದರೆಂದು ತಂದೆ ಹೇಳುತ್ತಿದ್ದರು. ಎಲೆ ಮೋಡವಾದ ಮೇಲೆ ಮಂಪರು ಬೆಳಕಿನಲ್ಲಿ ಅಂದಾಜಿಗೆ ಕುದುರೆ ಎಳೆಯಲು ಅವರಿಗೆ ಮನಸ್ಸು ಬಂದಿರಲಾರದು. ಎತ್ತರದ ಅಡ್ಡ ಕೆಟ್ಟ ಕೆಲಸ, ಅದನ್ನು ಈಗಲೂ ಹೇಳುತ್ತೇನೆ. ಸ್ಕೋಪು ಬೇಕೆಂದದ್ದು ತಪ್ಪಲ್ಲ. ಅವರ ಮೇಲಿದ್ದ ಸಿಟ್ಟನ್ನು ಅಂಗಡಿಯಲ್ಲೇ ಬಿಟ್ಟು ಬಂದೆ.

ಕೊನೆಯ ಪರೀಕ್ಷೆ ನವರಾತ್ರಿಯ ಮೊದಲ ವಾರ, ಒಂದೇ ದಿನ ಬೆಳಿಗ್ಗೆ ಎರಡು, ಸಂಜೆ ಎರಡು. ನಡುವೆ ಎರಡು ತೋಟಾ ಹಾರಲಿಲ್ಲ. ಕುದುರೆ ಎಳೆದಾಗ ‘ಟಿಕ್’ ಎಂದು ಸುಮ್ಮನಾದರೆ ಬೋಲ್ಟ್ ತೆರೆಯಬಾರದು. ಹಳೆಯ ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ತುದಿಯನ್ನು ಗುರಿಯ ಕಡೆಗೇ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದೆ, ಎರಡು ಸಲವೂ. ಹಾರಿದ ನಾಲ್ಕು ಗುಂಡುಗಳು ಒಂಬತ್ತು ಸೆಂಟಿಮೀಟರಿನೊಳಗೆ, ಗುರಿಯ ಸುತ್ತಲೇ. ಬೆಳಗಿನವಕ್ಕೂ ಸಂಜೆಯವಕ್ಕೂ ಎಡಬಲದಲ್ಲಿ ಎರಡು ಬೆರಳಿನ ಅಂತರವೂ ಇರಲಿಲ್ಲ. ಸ್ಕೋಪಿನ ಗುಂಪಿನ ಸುಮಾರು ಎರಡರಷ್ಟು. ಆದರೆ ಕೆನ್ನೆ ನಾಲ್ಕು ಸಲವೂ ಮರದ ಮೇಲಿತ್ತು.

ಮನೆಗೆ ಬಂದು ಮೊದಲು ಮಾಡಿದ್ದು ನಳಿಗೆಗೆ ಕುದಿಯುವ ನೀರು ಹೊಯ್ಯುವುದು. ಆ ಕಾಲದ ತೋಟಾಗಳಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಟೋಪಿಯಲ್ಲಿ ಪೊಟ್ಯಾಶಿಯಂ ಕ್ಲೋರೇಟ್ ಇರುತ್ತಿತ್ತು. ಸುಟ್ಟ ಮೇಲೆ ಒಂದು ಬಗೆಯ ಉಪ್ಪು ಒಳಗೆ ಉಳಿದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಎಣ್ಣೆಗೆ ಉಪ್ಪು ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಮೂರು ಸಲ ಬಿಸಿನೀರು, ಒಣಬಟ್ಟೆ, ಆಮೇಲೆ ಎಣ್ಣೆ. ಬಟ್ಟಿಗೆ ಅಗಸೆ ಎಣ್ಣೆಯನ್ನು ಅಂಗೈಯಲ್ಲಿ ತಿಕ್ಕಿ ಹಚ್ಚಿದೆ.

ಸ್ಕೋಪನ್ನು ಸಿಲಿಕಾ ಜೆಲ್ ಚೀಲಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅಡ್ಡಗಳು, ನಾಲ್ಕು ಹಳೆಯ ತಿರುಪುಗಳು, ಕತ್ತರಿಸಿದ ಹಳೆಯ ಎಲೆ, ಅಳತೆಗಳ ಚೀಟಿ, ಎಲ್ಲವೂ ಅದರಲ್ಲೇ ಇವೆ. ಹಿಂಗುರಿಯಲ್ಲಿ ಮಡಿಸುವ ಎರಡನೇ ಎಲೆಯ ಜಾಗ ಇನ್ನೂ ಖಾಲಿ ಇದೆ. ದೂರದ ಗುರಿಗೆ ಹೊಂದಿಸಲು ಕನಿಷ್ಠ ಆರು ಈಡಾದರೂ ಬೇಕು, ಉಳಿದಿರುವ ತೋಟಾ ಮೂರು. ಆಯುಧಪೂಜೆಯ ದಿನ ಮಗಳು ಬಟ್ಟಿಗೆ ಕುಂಕುಮ ಇಟ್ಟಳು. ಬೆಳ್ಳಿಯ ಮೇಲೆ ಇಡಬೇಡವೆಂದು ಮೊದಲೇ ಹೇಳಿದ್ದೆ.